ಮೇಲಕ್ಕೋ, ಕೆಳಕ್ಕೋ?

ಹೆದ್ದಾರಿ ಬದಿಯ ದೊಡ್ಡ ಹೋಟೆಲುಗಳಿಗೆ ಹೋಗಿ ಕೂತಾಗಲೆಲ್ಲ ನನಗೊಂದು ಸಣ್ಣ ಕಿರಿಕಿರಿ. ಕಾರು ನಿಲ್ಲಿಸಲು ಎಕರೆಗಟ್ಟಲೆ ಜಾಗ, ಸೀಟಿ ಊದುವ ಕಾವಲುಗಾರ, ಮಕ್ಕಳಿಗೆ ಜಾರುಬಂಡೆ, ಎಲ್ಲವೂ ಇರುತ್ತದೆ. ಮೇಜಿಗೆ ಬರುವ ಮೆನು ಕಾರ್ಡು ಮದುವೆ ಆಲ್ಬಮ್ಮಿನಷ್ಟು ದಪ್ಪ. ಇಡ್ಲಿ, ಪೂರಿ, ಗೋಬಿ ಮಂಚೂರಿ, ನಾರ್ತ್ ಇಂಡಿಯನ್ ಊಟ, ಪಿಜ್ಜಾ. ಏನು ಕೇಳಿದರೂ ಇದೆ. ಬೆಳಿಗ್ಗೆ ಏಳಕ್ಕೂ ಇದೆ, ರಾತ್ರಿ ಹನ್ನೊಂದಕ್ಕೂ ಇದೆ. ಪುಟ ತಿರುವಿ ತಿರುವಿ ಸಾಕಾಗಿ ಕೊನೆಗೆ ಎಲ್ಲರೂ ಒಂದೊಂದು ಮಸಾಲೆದೋಸೆ ಹೇಳಿ, ತಿಂದು, ಎದ್ದು ಬರುತ್ತೇವೆ. ಹತ್ತು ಕಿಲೋಮೀಟರ್ ಹೋದ ಮೇಲೆ ಅದರ ರುಚಿ ಹೇಗಿತ್ತೆಂದು ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ.

ನಮ್ಮಪ್ಪ ಮೇಷ್ಟರಾಗಿದ್ದರು. ಬೇಸಿಗೆ ರಜೆ ಬಂತೆಂದರೆ ಕೆಂಪು ಬಸ್ಸಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ನೆಂಟರ ಮನೆ, ಜಾತ್ರೆ, ದೇವಸ್ಥಾನ ಎಂದು ಹೊರಡುವರು. ಗೊತ್ತಿಲ್ಲದ ಊರಿನಲ್ಲಿ ಇಳಿದರೆ ಹೋಟೆಲು ಆರಿಸುವ ಕೆಲಸ ಅವರದು. ಬಾಗಿಲಲ್ಲೇ ನಿಂತು ಒಳಗಿನ ಚಟ್ನಿ ಬಕೆಟ್ಟನ್ನು ಬಗ್ಗಿ ನೋಡುವರು. ಹೊತ್ತೇರಿದ ಮೇಲೂ ಅದು ತುಂಬಿದ್ದರೆ ಮುಂದಿನ ಹೋಟೆಲಿಗೆ ನಡೆ. ‘ಚಟ್ನಿ ತಳ ಕಾಣ್ಬೇಕು ಕಣೋ. ಆಗ ಅದು ಇವತ್ತಿಂದು ಅಂತ, ಜನ ತಿಂದಿದಾರೆ ಅಂತ’ ಎನ್ನುವರು. ಅಮ್ಮನಿಗೆ ಮುಜುಗರ. ‘ನಾಲ್ಕು ಜನ ನೋಡ್ತಿದಾರೆ, ಒಳಗೆ ಬನ್ನಿ’ ಎಂದು ಸೆರಗು ಎಳೆದುಕೊಳ್ಳುವರು. ಅಪ್ಪ ಜಗ್ಗುವವರಲ್ಲ. ಅರಸೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಮ್ಮೆ ಹೀಗೆ ಇಣುಕುತ್ತಿದ್ದವರನ್ನು ಕಂಡ ಗಲ್ಲಾದ ಯಜಮಾನರು ಸಿಟ್ಟಾಗಲಿಲ್ಲ. ಬಕೆಟ್ಟನ್ನೇ ಎತ್ತಿ ತಂದು ಅಪ್ಪನ ಮುಂದೆ ಹಿಡಿದರು. ತಳದಲ್ಲಿ ಎರಡು ಸೌಟು ಚಟ್ನಿ ಉಳಿದಿತ್ತು. ಅವತ್ತು ಆ ಎರಡು ಸೌಟಿನಲ್ಲಿ ನಾವೆಲ್ಲ ಹಂಚಿಕೊಂಡು ತಿಂದ ಖಾಲಿದೋಸೆಯನ್ನು ಅಪ್ಪ ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಅಪ್ಪ ಕಂಡಿದ್ದರೆ ಖಂಡಿತ ಮೆಚ್ಚುತ್ತಿದ್ದ ಹೋಟೆಲೊಂದು ನನಗೆ ಸಿಕ್ಕಿದ್ದು ಮದುವೆಯಾದ ಮೇಲೆ. ಹಾಸನದಲ್ಲಿ ನಮ್ಮ ಮನೆ, ಉಜಿರೆಯಲ್ಲಿ ಹೆಂಡತಿಯ ತವರು, ನಡುವೆ ಪಶ್ಚಿಮಘಟ್ಟ. ಇಳಿಯಲು ಎರಡು ದಾರಿ. ಸಕಲೇಶಪುರ ದಾಟಿ ಶಿರಾಡಿ ಇಳಿಯುವುದೊಂದು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಬಂದು ಚಾರ್ಮಾಡಿ ಇಳಿಯುವುದು ಇನ್ನೊಂದು. ಶಿರಾಡಿಯಲ್ಲಿ ಮಂಗಳೂರಿನ ಟ್ಯಾಂಕರು, ಲಾರಿಗಳ ಸಾಲು. ಚಾರ್ಮಾಡಿಯಲ್ಲಿ ರಸ್ತೆ ಕಿರಿದು, ತಿರುವು ಹೆಚ್ಚು, ಮಳೆಗಾಲದಲ್ಲಿ ಬಂಡೆಬಂಡೆಗೂ ಝರಿ. ನಾನು ಚಾರ್ಮಾಡಿ ಪಕ್ಷ. ಕಾಡಿಗಾಗಿ, ಮಂಜಿಗಾಗಿ ಎಂದು ಹೇಳಬಹುದು, ಅದೂ ನಿಜವೇ. ಮೊದಲ ಕಾರಣ ಮಾತ್ರ ನೀರುದೋಸೆ.

ಕೊಟ್ಟಿಗೆಹಾರ ಮೂಡಿಗೆರೆ ತಾಲ್ಲೂಕಿನ ಸಣ್ಣ ಊರು. ರಸ್ತೆ ಅಲ್ಲಿ ಕವಲೊಡೆಯುತ್ತದೆ. ಒಂದು ಚಾರ್ಮಾಡಿಯ ಕಡೆ ಇಳಿಯುತ್ತದೆ, ಇನ್ನೊಂದು ಕಳಸ, ಹೊರನಾಡಿನ ಕಡೆ ಹೋಗುತ್ತದೆ. ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನ ಇರುವುದೂ ಅಲ್ಲೇ. ತೇಜಸ್ವಿಯವರನ್ನು ಓದಿಕೊಂಡ ಹುಡುಗ ಹುಡುಗಿಯರು ಬೈಕೇರಿ ಬಂದು ನೋಡಿಕೊಂಡು ಹೋಗುತ್ತಾರೆ. ಈ ದಾರಿಯಲ್ಲಿ ಓಡಾಡಿದವರ ಬಾಯಲ್ಲಿ ಮಾತ್ರ ಕೊಟ್ಟಿಗೆಹಾರ ಎಂದರೆ ನೀರುದೋಸೆ. ಹೆಸರಾದ ಹೋಟೆಲುಗಳಿವೆ, ಅವುಗಳ ದೋಸೆ ಚೆನ್ನಾಗಿಯೂ ಇದೆ. ನಾನು ಹೇಳಹೊರಟಿರುವುದು ಅದೇ ದಾರಿಯ ಇನ್ನೊಂದು ಸಣ್ಣ ಹೋಟೆಲನ್ನು. ಅದಕ್ಕೆ ಬೋರ್ಡಿಲ್ಲ. ಇದ್ದ ಬೋರ್ಡು ಒಂದು ಮಳೆಗಾಲದ ಗಾಳಿಗೆ ಹಾರಿಹೋಯಿತಂತೆ. ಮತ್ತೆ ಹಾಕಿಸಲಿಲ್ಲವೇ ಎಂದರೆ, ‘ಬರೋರಿಗೆ ಗೊತ್ತುಂಟಲ್ಲ ಮಾರಾಯ್ರೆ’ ಎನ್ನುತ್ತಾರೆ ಯಜಮಾನರು. ಹೊರಗೆ ತೂಗುಹಾಕಿರುವ ಶಾಲೆಯ ಸ್ಲೇಟೊಂದೇ ಗುರುತು. ಅದರಲ್ಲಿ ‘ದೋಸೆ ಇದೆ’ ಎಂದೋ ‘ಹಿಟ್ಟು ಮುಗಿದಿದೆ’ ಎಂದೋ ಸೀಮೆಸುಣ್ಣದಲ್ಲಿ ಬರೆದಿರುತ್ತದೆ.

ಮೊದಲ ಸಲ ಅಲ್ಲಿ ನಿಲ್ಲಿಸಿದಾಗ ಜಡಿಮಳೆ. ಮಗಳು ಚಿಕ್ಕವಳು, ಹೆಂಡತಿಯ ತೊಡೆಯ ಮೇಲೆ ನಿದ್ದೆಗಣ್ಣಿನಲ್ಲಿದ್ದಳು. ಒಳಗೆ ಉದ್ದದ ಬೆಂಚುಗಳು, ಮೂಲೆಯಲ್ಲಿ ಅಕ್ಕಿಮೂಟೆ, ಮೂಟೆಯ ಮೇಲೆ ಮುದುರಿ ಮಲಗಿದ್ದ ಬೆಕ್ಕು. ಕೈತೊಳೆಯಲು ಹಿತ್ತಲಿನ ಹಂಡೆಯಿಂದ ಬಿಸಿನೀರು. ಏನಿದೆ ಎಂದು ನಾನು ಕೇಳುವ ಮೊದಲೇ ಯಜಮಾನರು ಕೇಳಿದರು:

‘ಮೇಲಕ್ಕೋ, ಕೆಳಕ್ಕೋ?’

‘ಕೆಳಕ್ಕೆ. ಉಜಿರೆಗೆ.’

‘ಹಾಗಾದ್ರೆ ದೊಡ್ಡೋರಿಗೆ ಮೂರು ಮೂರು, ಮಗೂಗೆ ಒಂದು. ಆಮೇಲೆ ಮತ್ತೆ ಕೇಳ್ಬೇಡಿ.’

ಹೆಂಡತಿ ನನ್ನ ಮುಖ ನೋಡಿದಳು. ‘ಇದೆಂಥದು ಮಾರಾಯ್ರೆ, ನಮ್ಮ ಹೊಟ್ಟೆ ಲೆಕ್ಕ ನಿಮಗೆ ಹೇಗೆ ಗೊತ್ತು?’ ಎಂದು ಅವರನ್ನೇ ಕೇಳಿದಳು. ಅವರು ಲೋಟಗಳನ್ನು ಜೋಡಿಸುತ್ತಲೇ, ‘ತಿರುವು ಶುರುವಾಗೋದು ಇಲ್ಲಿಂದ ಅಮ್ಮಾ. ಹೊಟ್ಟೆ ಬಿರಿಯ ತಿಂದು ಇಳಿದ್ರೆ ಅಣ್ಣಪ್ಪ ಸ್ವಾಮಿ ಗುಡಿ ಮುಟ್ಟೋದ್ರೊಳಗೆ ಕಾರು ನಿಲ್ಲಿಸ್ತೀರಿ. ಕೆಳಗಿಳಿದು ಮನೇಲಿ ಚೆನ್ನಾಗಿ ಉಣ್ಣಿ, ಯಾರು ಬೇಡ ಅಂದ್ರು?’ ಎಂದರು. ಆಮೇಲೆ ಗಲ್ಲಾದ ಪಕ್ಕದ ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದು ಮಗಳ ಕೈಗಿಟ್ಟರು. ‘ಹೊಟ್ಟೆ ತೊಳಸಿದ ಹಾಗಾದ್ರೆ ಉಗುರಲ್ಲಿ ಗೀರಿ ಮೂಸು ಪುಟ್ಟಿ.’ ಆ ಬುಟ್ಟಿ ತುಂಬ ನಿಂಬೆಹಣ್ಣು. ಚಾರ್ಮಾಡಿ ಇಳಿಯುವ ಪ್ರತಿ ಮಗುವಿಗೂ ಒಂದೊಂದು, ದುಡ್ಡಿಲ್ಲ. ಘಟ್ಟ ಹತ್ತಿ ಬಂದವರಿಗೆ ಈ ಕಟ್ಟಳೆ ಇಲ್ಲ. ತಿರುವುಗಳನ್ನೆಲ್ಲ ಮುಗಿಸಿ ಬಂದ ಹೊಟ್ಟೆಗೆ ಎಷ್ಟು ಬೇಕಾದರೂ ಹಾಕಬಹುದೆಂದು ಅವರ ತೀರ್ಮಾನ.

ಹೋಟೆಲಿನವರು ಗಿರಾಕಿಗೆ ಕಡಿಮೆ ತಿನ್ನಿ ಎಂದು ಹೇಳಿದ್ದನ್ನು ನಾನು ಅಲ್ಲಿವರೆಗೆ ಕೇಳಿರಲಿಲ್ಲ. ಮನೆಯಿಂದ ಹೊರಟು ಮನೆ ಮುಟ್ಟುವ ತನಕ ನಮ್ಮ ಪ್ರಯಾಣ ಯಾರಿಗೂ ಸೇರಿದ್ದಲ್ಲ. ಪೆಟ್ರೋಲ್ ಹಾಕುವವನಿಗೆ ಪೆಟ್ರೋಲು, ಟೋಲಿನವನಿಗೆ ಟೋಲು. ಈ ಮನುಷ್ಯ ಮಾತ್ರ ನಮ್ಮ ಮುಂದಿನ ಒಂದು ಗಂಟೆಯ ಚಿಂತೆಯನ್ನು ತಾನೂ ಹೊತ್ತುಕೊಂಡಿದ್ದರು.

ದೋಸೆ ಹೊಯ್ಯುವುದು ಅವರ ಹೆಂಡತಿ. ಬರುವವರೆಲ್ಲ ಅವರನ್ನು ಅಕ್ಕ ಎನ್ನುತ್ತಾರೆ. ಬೆಂಚಿನ ತುದಿಯಲ್ಲಿ ಕೂತರೆ ಅಡುಗೆಮನೆ ಪೂರಾ ಕಾಣುತ್ತದೆ. ನಾನು ಯಾವಾಗಲೂ ಕೂರುವುದು ಅಲ್ಲೇ. ಜೋಡಿ ಒಲೆ, ಒಂದೊಂದರ ಮೇಲೂ ಬೀಡಿನ ಕಾವಲಿ. ರಾತ್ರಿ ನೆನೆಹಾಕಿದ ಅಕ್ಕಿಯನ್ನು ಬೆಳಗಿನ ಜಾವ ತೆಂಗಿನಕಾಯಿ ಸೇರಿಸಿ ನುಣ್ಣಗೆ ಅರೆದು, ಉಪ್ಪು ಹಾಕಿ, ನೀರು ಹೊಯ್ದು ತೆಳ್ಳಗೆ ಮಾಡಿರುತ್ತಾರೆ. ಉದ್ದು ಇಲ್ಲ, ಹುದುಗು ಬರಿಸುವುದಿಲ್ಲ. ಹಿಟ್ಟು ಎಷ್ಟು ತೆಳುವೆಂದರೆ ಸುಮ್ಮನೆ ಬಿಟ್ಟರೆ ಅಕ್ಕಿ ತಳಕ್ಕಿಳಿದು ಮೇಲೆ ನೀರು ನಿಲ್ಲುತ್ತದೆ. ಅದಕ್ಕೇ ಅಕ್ಕ ಪ್ರತಿ ದೋಸೆಗೂ ಸೌಟಿನಲ್ಲಿ ತಳದಿಂದ ಒಮ್ಮೆ ಕಲಕುತ್ತಾರೆ. ಕಾವಲಿಗೆ ತೆಂಗಿನ ನಾರಿನಲ್ಲಿ ಎಣ್ಣೆ ಸವರಿ, ಅದು ಹೊಗೆಯಾಡುವ ಹೊತ್ತಿಗೆ ಹಿಟ್ಟನ್ನು ಅಂಚಿನಿಂದ ಸುತ್ತಿ ಒಳಕ್ಕೆ ಹೊಯ್ಯುತ್ತಾರೆ. ಬೇರೆ ದೋಸೆಯ ಹಾಗೆ ಸೌಟಿನ ಬೆನ್ನಿನಿಂದ ಹರಡುವುದಿಲ್ಲ, ಹರಡಲು ಬರುವುದೂ ಇಲ್ಲ. ಚೊಂಯ್ ಎಂದು ಬಿದ್ದಲ್ಲೇ ತೂತು ತೂತಾಗಿ ಜಾಲರಿ ಕಟ್ಟುತ್ತದೆ. ಎಲ್ಲಾದರೂ ದೊಡ್ಡ ಕಿಂಡಿ ಉಳಿದರೆ ಒಂದು ತೊಟ್ಟು ಹಿಟ್ಟು ಬಿಟ್ಟು ಮುಚ್ಚಿ, ಮೇಲೆ ಮುಚ್ಚಳ. ಮುಚ್ಚಳ ತೆಗೆಯುವಾಗ ಅಂಚು ತಾನೇ ಎದ್ದಿರುತ್ತದೆ. ಮಗುಚುವುದಿಲ್ಲ, ಕೆಂಪಗಾಗಲು ಬಿಡುವುದಿಲ್ಲ. ಬೆಳ್ಳಗಿರುವಾಗಲೇ ನಾಲ್ಕು ಮಡಿಕೆ ಮಡಿಚಿ ಬಾಳೆಲೆಯ ಮೇಲೆ.

ಜೊತೆಗೆ ಸೂಜಿಮೆಣಸು ಹಾಕಿದ ಕಾಯಿಚಟ್ನಿ, ಮಕ್ಕಳಿಗೆ ಕಾಯಿಬೆಲ್ಲ. ನನ್ನ ಹೆಂಡತಿ ಘಟ್ಟದ ಕೆಳಗಿನವಳು, ನೀರುದೋಸೆಯ ವಿಷಯದಲ್ಲಿ ಸುಲಭಕ್ಕೆ ಒಪ್ಪುವವಳಲ್ಲ. ಹಾಸನದಲ್ಲಿ ಯಾರಾದರೂ ನೀರುದೋಸೆ ಎಂದು ಬಡಿಸಿದರೆ ಅಂಚನ್ನು ಬೆರಳಿನಲ್ಲಿ ಹಿಡಿದು ನೋಡಿ ಸುಮ್ಮನಾಗುತ್ತಾಳೆ. ಇಲ್ಲಿ ಮೊದಲ ದೋಸೆ ಬಿಡಿಸಿದವಳೇ ಎದ್ದು ಒಲೆಯ ಹತ್ತಿರ ಹೋಗಿ, ‘ಅಕ್ಕಾ, ಅಕ್ಕಿ ಯಾವುದು?’ ಎಂದು ಮಾತಿಗಿಳಿದಳು. ಅಕ್ಕನದೂ ತವರು ಬೆಳ್ತಂಗಡಿ ಕಡೆಯೇ ಎಂದು ಗೊತ್ತಾಗುವ ಹೊತ್ತಿಗೆ ಇಬ್ಬರ ಮಾತೂ ತುಳುವಿಗೆ ತಿರುಗಿತ್ತು. ನಾನೂ ಮಗಳೂ ಮಳೆ ನೋಡುತ್ತ ಕೂತೆವು.

ಗೋಡೆಯಲ್ಲಿ ಹಳೆಯ ಕ್ಯಾಲೆಂಡರುಗಳು ಸಾಲಾಗಿ ಇನ್ನೂ ನೇತಾಡುತ್ತಿದ್ದವು. ದೇವರ ಪಟಕ್ಕೆಂದು ಇಟ್ಟುಕೊಂಡಿದ್ದಾರೆ ಎಂದುಕೊಂಡು ಹತ್ತಿರ ಹೋದರೆ ಪ್ರತಿ ತಾರೀಕಿನ ಚೌಕದಲ್ಲೂ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ‘ಅಕ್ಕಿ 7 ಸೇರು. ಉಳೀಲಿಲ್ಲ. ಮಳೆ 2 ಇಂಚು.’ ಕಾಫಿ ತೋಟಗಳವರು ಮಳೆ ಅಳೆದು ಇಂಚಿನಲ್ಲಿ ಬರೆದಿಡುವುದು ಆ ಕಡೆ ಎಲ್ಲರಿಗೂ ಗೊತ್ತಿರುವ ರೂಢಿ. ಇವರು ಮಳೆಯ ಪಕ್ಕದಲ್ಲಿ ಅಕ್ಕಿಯನ್ನೂ ಬರೆದಿಟ್ಟಿದ್ದರು.

ಲೆಕ್ಕದ ಅಗತ್ಯ ಆಮೇಲೆ ಅವರೇ ವಿವರಿಸಿದರು. ನೀರುದೋಸೆಯ ಹಿಟ್ಟು ನಾಳೆಗೆ ಇಡಲು ಬರುವುದಿಲ್ಲ. ಕಾಯಿ ಸೇರಿದ ಹಿಟ್ಟು, ಹುಳಿ ಬಂತೆಂದರೆ ಮುಗಿಯಿತು. ದೋಸೆ ಮೊದಲೇ ಹೊಯ್ದು ಪೇರಿಸಿಡಲೂ ಆಗದು, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಹಾಗಾಗಿ ಇವತ್ತು ಎಷ್ಟು ಜನ ಬರುತ್ತಾರೆ ಎನ್ನುವುದನ್ನು ನಿನ್ನೆ ರಾತ್ರಿ ಅಕ್ಕಿ ನೆನೆಹಾಕುವಾಗಲೇ ಹೇಳಬೇಕು. ಎರಡನೇ ಶನಿವಾರವೇ, ಹೊರನಾಡಿನಲ್ಲಿ ವಿಶೇಷವೇ, ಶಾಲೆಗೆ ರಜೆಯೇ, ಮಳೆ ಹೇಗಿದೆ, ಘಾಟಿ ತೆರೆದಿದೆಯೇ. ಶಿವರಾತ್ರಿಗೆ ಮುಂಚೆ ಬೆಂಗಳೂರು, ಮಂಡ್ಯ, ಹಾಸನದ ಕಡೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ತಂಡತಂಡವಾಗಿ ಈ ಘಾಟಿಯಲ್ಲೇ ನಡೆದು ಇಳಿಯುತ್ತಾರೆ. ಆ ದಿನಗಳ ಚೌಕಗಳಲ್ಲಿ ಅಕ್ಕಿಯ ಲೆಕ್ಕ ಎರಡಂಕಿಗೆ ಏರಿ, ‘ಉಳೀಲಿಲ್ಲ’ ಎನ್ನುವುದಕ್ಕೆ ಅಡಿಗೆರೆ ಬೇರೆ ಎಳೆದಿತ್ತು. ಮಧ್ಯಾಹ್ನದ ಊಟ ಯಾಕೆ ಇಟ್ಟಿಲ್ಲ ಎಂದು ಕೇಳಿದೆ. ‘ಈಚೆಗೆ ಹೊರನಾಡು, ಆಚೆಗೆ ಧರ್ಮಸ್ಥಳ. ಎರಡು ಕಡೇನೂ ಹೋದೋರಿಗೆಲ್ಲ ಎಲೆ ಹಾಕ್ತಾರೆ. ದೇವರು ಊಟ ಹಾಕುವಾಗ ನಾವು ಮಧ್ಯದಲ್ಲಿ ಪಾತ್ರೆ ಇಟ್ಕೊಂಡು ಏನ್ಮಾಡೋದು? ಬೆಳಗಿನದು ಮಾತ್ರ ನಮ್ಮ ಪಾಲು’ ಎಂದರು. ಎರಡು ಅನ್ನಕ್ಷೇತ್ರಗಳ ನಡುವೆ ತಮಗೆ ಸಲ್ಲುವ ಹೊತ್ತು ಯಾವುದೆಂದು ಇಷ್ಟು ಸರಿಯಾಗಿ ತಿಳಿದುಕೊಂಡವರನ್ನು ಕಂಡು ನನಗೆ ಗೌರವ ಹುಟ್ಟಿತು.

2019ರ ಕ್ಯಾಲೆಂಡರನ್ನೂ ಅವರು ಇಟ್ಟಿದ್ದಾರೆ. ಆ ವರ್ಷ ಆಗಸ್ಟಿನ ಮಳೆಗೆ ಚಾರ್ಮಾಡಿಯಲ್ಲಿ ಸಾಲುಸಾಲಾಗಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಮೂಡಿಗೆರೆ ತಾಲ್ಲೂಕಿನಲ್ಲೇ ಮನೆ, ತೋಟ ಕಳೆದುಕೊಂಡವರಿದ್ದರು. ಆಗಸ್ಟಿನ ಎರಡನೇ ವಾರದಿಂದ ಆ ಹಾಳೆಯಲ್ಲಿ ಅಕ್ಕಿ ಇಲ್ಲ, ಬರೀ ಮಳೆಯ ಇಂಚು. ಮುಂದಿನ ಹಾಳೆಯಲ್ಲಿ ಅದೂ ಇಲ್ಲ. ಆಮೇಲೆಲ್ಲೋ ‘1 ಸೇರು’ ಎಂದು ಮತ್ತೆ ಶುರುವಾಗುತ್ತದೆ. ಅದಕ್ಕೂ ಹಿಂದಿನ ವರ್ಷ, 2018ರಲ್ಲಿ, ಕಾಂಕ್ರೀಟ್ ಹಾಕಲೆಂದು ಶಿರಾಡಿಯನ್ನು ಮುಚ್ಚಿದಾಗ ಅಲ್ಲಿನ ಎಷ್ಟೋ ವಾಹನಗಳು ಈ ಕಡೆ ತಿರುಗಿ, ಅಕ್ಕನಿಗೆ ಕಾವಲಿಯ ಮುಂದೆ ನಿಂತು ನಿಂತು ಕಾಲು ಊದಿತ್ತಂತೆ. ದೂರದ ಇನ್ನೊಂದು ಘಾಟಿಯಲ್ಲಿ ಸಿಮೆಂಟು ಹಾಕಿದರೆ ಇಲ್ಲಿ ಅಕ್ಕಿ ಹೆಚ್ಚು ನೆನೆಯುತ್ತದೆ.

ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ನನಗೆ ಮೊದಲು ಹೊಳೆದದ್ದು ಈ ಕ್ಯಾಲೆಂಡರೇ. ಹೊಸ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬದಿಗೆ ಬಿಟ್ಟು ಸಾಗಿತು. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹಬೆ ಕಂಡು ಬ್ರೇಕ್ ಒತ್ತುತ್ತಿದ್ದ, ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಳ್ಳದೆ ಮುಂದೆ ಹೋಗದ ಜನ ಈಗ ಬೇಲಿಯೊಳಗಿನ ರಸ್ತೆಯಲ್ಲಿ ಒಂದೇ ಉಸಿರಿಗೆ ಮೈಸೂರು ಮುಟ್ಟುತ್ತಾರೆ. ಹಳೇ ರಸ್ತೆಯ ಹೋಟೆಲಿನವರು ವ್ಯಾಪಾರ ಬಿದ್ದುಹೋಯಿತೆಂದು ಹೇಳಿಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂತು. ಮದ್ದೂರು ವಡೆ ಹುಟ್ಟಿದ್ದು ರೈಲ್ವೆ ಸ್ಟೇಷನ್ನಿನಲ್ಲಿ. ರೈಲು ನಿಲ್ಲುತ್ತಿದ್ದುದರಿಂದ ಅದಕ್ಕೊಂದು ಹೆಸರು ಬಂತು. ನಿಲ್ಲುವವರಿದ್ದರೆ ತಾನೇ ತಿಂಡಿಗೆ ಊರಿನ ಹೆಸರು ಅಂಟುವುದು. ಬೇಗ ಮುಟ್ಟುವುದು ಬೇಡ ಎನ್ನಲು ನನಗೆ ಬಾಯಿಲ್ಲ, ಆಂಬುಲೆನ್ಸೂ ಅದೇ ರಸ್ತೆಯಲ್ಲಿ ಹೋಗುತ್ತದೆ. ಆದರೂ ಈಗ ಮೈಸೂರಿಗೆ ಹೋಗುವ ದಿನ, ಹೊತ್ತಿದ್ದರೆ, ಹಳೇ ರಸ್ತೆಗೇ ಇಳಿಯುತ್ತೇನೆ.

ಒಂದು ಆಷಾಢದಲ್ಲಿ ಉಜಿರೆಯಿಂದ ಹತ್ತಿ ಬರುತ್ತಿದ್ದೆವು. ಮಾವನಿಗೆ ಹುಷಾರಿಲ್ಲದೆ ಹೋಗಿದ್ದ ಪ್ರಯಾಣ. ಹೊರಡುವುದು ತಡವಾಗಿ, ಘಾಟಿಯ ಮಂಜಿನಲ್ಲಿ ಇನ್ನೂ ತಡವಾಗಿ, ಹೋಟೆಲು ಮುಟ್ಟುವಾಗ ಮಧ್ಯಾಹ್ನ. ಸ್ಲೇಟಿನಲ್ಲಿ ‘ಹಿಟ್ಟು ಮುಗಿದಿದೆ’. ಕಾಫಿಯಾದರೂ ಸಿಕ್ಕೀತೆಂದು ಒಳಗೆ ಹೋದೆವು. ಹೆಂಡತಿಯ ಮುಖ ನೋಡಿದ ಅಕ್ಕ ಏನನ್ನೂ ಕೇಳಲಿಲ್ಲ, ಎಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ಕೆಸುವಿನ ದಂಟಿನ ಸಾರು, ಮಿಡಿ ಉಪ್ಪಿನಕಾಯಿ. ಅವರಿಬ್ಬರಿಗೆಂದು ಮಾಡಿಕೊಂಡಿದ್ದ ಅಡುಗೆ. ಯಜಮಾನರು ನಮ್ಮ ಎದುರಿಗೇ ಕೂತು ಉಂಡರು. ಸಾರಿಗೆ ಹುಳಿ ಸ್ವಲ್ಪ ಮುಂದಾಗಿತ್ತು. ಕೆಸು ಬಾಯಿ ತುರಿಸಬಾರದೆಂದು ಹಾಗೆ ಹಾಕುತ್ತಾರೆ. ಹೊರಗಿನ ಚಳಿಗೆ, ಒಳಗಿನ ಆತಂಕಕ್ಕೆ ಅದು ಹಿತವಾಗಿತ್ತು. ದುಡ್ಡು ಕೊಡಲು ಹೋದರೆ, ‘ಹೋಟೆಲಿಂದು ಬೆಳಿಗ್ಗೇನೆ ಮುಗೀತಲ್ಲ, ಇದು ಮನೇದು’ ಎಂದು ಗಲ್ಲಾದ ಡ್ರಾಯರ್ ಮುಚ್ಚಿಬಿಟ್ಟರು. ಹೆಂಡತಿ ಕಾರಿಗೆ ಹೋಗಿ, ತವರಿನಿಂದ ತಂದಿದ್ದ ಹಲಸಿನ ಹಪ್ಪಳದ ಕಟ್ಟೊಂದನ್ನು ಅಕ್ಕನ ಕೈಗೆ ಕೊಟ್ಟು ಬಂದಳು. ಅದನ್ನು ಬೇಡ ಎನ್ನಲಿಲ್ಲ. ಹೊರಡುವಾಗ ನಾನು ಆ ದಿನದ ಚೌಕ ನೋಡಿದೆ: ‘ಅಕ್ಕಿ 4 ಸೇರು. ಉಳೀಲಿಲ್ಲ. ಮಳೆ 3 ಇಂಚು.’ ಕೆಳಗೆ ಹೊಸದಾಗಿ ಸೇರಿಸಿದ ಒಂದು ಸಾಲು, ‘ಉಜಿರೆಯವರು ಊಟಕ್ಕೆ.’

ಮಾವ ಗುಣವಾದರು. ಈಗ ಅವರೇ ಫೋನಿನಲ್ಲಿ, ಶಿರಾಡಿಯಲ್ಲಿ ಬಂದರೆ ಬೇಗ ಆಗುತ್ತದೆ, ರಸ್ತೆ ಅಗಲವಾಗಿದೆ, ಸುಮ್ಮನೆ ಯಾಕೆ ಸುತ್ತು ಎಂದು ನನಗೆ ಬುದ್ಧಿ ಹೇಳುತ್ತಾರೆ. ಬರುವ ಎರಡನೇ ಶನಿವಾರ ಮತ್ತೆ ಹೊರಟಿದ್ದೇವೆ. ಹೊರನಾಡಿನ ಜನ ಹೆಚ್ಚಿರುವ ದಿನ, ಹಿಟ್ಟು ಬೇಗ ಮುಗಿಯಬಹುದು. ಆರಕ್ಕೆಲ್ಲ ಹಾಸನ ಬಿಟ್ಟರೆ ಎಂಟೂವರೆ ಒಂಬತ್ತಕ್ಕೆ ಅಲ್ಲಿರಬಹುದೆಂದು ನನ್ನ ಲೆಕ್ಕ. ಮಗಳ ಪಟ್ಟು ಬೇರೆ. ಹೋಗುವಾಗ ನಿಲ್ಲಿಸುವುದೇ ಬೇಡ, ಭಾನುವಾರ ಬೆಳಿಗ್ಗೆ ಅಜ್ಜಿಮನೆಯಿಂದ ಹೊರಟು ಬರುವಾಗ ನಿಲ್ಲಿಸಿ ಎನ್ನುತ್ತಾಳೆ. ಹತ್ತಿ ಬಂದವರಿಗೆ ಕೇಳಿದಷ್ಟು ಹೊಯ್ದು ಕೊಡುತ್ತಾರಲ್ಲ.